ಮೊಟ್ಟೆ ಒಡೆದ ಮೇಲೆ ಹೇಳು

ಯುನ್‌ಲಿನ್ ಕರಾವಳಿಯ ಆ ಸಣ್ಣ ಶಾಲೆಯಲ್ಲಿ, ಮೆಟ್ಟಿಲು ಹತ್ತುವ ಕಡೆ ಗೋಡೆಯ ಮೇಲೆ ಮೊದಲು ಮಕ್ಕಳು ಬಿಡಿಸಿದ ಮೀನು, ದೋಣಿ, ಬಕಪಕ್ಷಿಗಳಿದ್ದವು. ಈಗ ಅವನ್ನೆಲ್ಲ ಕಿತ್ತು ದೊಡ್ಡದೊಂದು ಪರದೆ ಹಾಕಿದ್ದಾರೆ. ಅದರಲ್ಲಿ ಆರು ತರಗತಿಗೆ ಆರು ಚೌಕ. ಮೇ ತಿಂಗಳ ಕೊನೆಯ ವಾರ ಐದು ಚೌಕ ಹಸಿರಾಗಿದ್ದವು, ಒಂದು ಕೆಂಪಗಿತ್ತು. ಕೆಂಪು ಚೌಕದ ಕೆಳಗೆ ‘ಐದನೇ ತರಗತಿ, ತು ಯೂಲಾನ್’ ಎಂಬ ಹೆಸರು. ಮಕ್ಕಳ ಹೆಸರು ಹಾಕಿದರೆ ಅವಮಾನ ಎಂದು ಜಿಲ್ಲಾ ಶಿಕ್ಷಣ ಕಚೇರಿಯವರಿಗೆ ಹೊಳೆದಿತ್ತು. ಟೀಚರ ಹೆಸರು ಹಾಕಿದರೂ ಅವಮಾನವೇ ಎಂದು ಹೊಳೆಯಲಿಲ್ಲ. ಅಥವಾ ಹೊಳೆದೇ ಹಾಕಿದ್ದರು.

ಯೂಲಾನ್‌ಗೆ ನಲವತ್ತಾರು ವರ್ಷ. ಹನ್ನೆರಡು ವರ್ಷದಿಂದ ಬದಲಿ ಟೀಚರು. ಕಾಯಂ ಟೀಚರೊಬ್ಬರು ಬಾಣಂತನಕ್ಕೆ ಹೋದರೆ, ದೂರದ ಹಳ್ಳಿ ಬೇಡವೆಂದು ಪಟ್ಟಣಕ್ಕೆ ವರ್ಗ ಮಾಡಿಸಿಕೊಂಡರೆ, ಆ ಕುರ್ಚಿ ತಣ್ಣಗಾಗದಂತೆ ಕೂರುವ ಕೆಲಸ. ಆಗಸ್ಟಿನಲ್ಲಿ ಬಾ, ಜೂನಿನಲ್ಲಿ ಚೀಲ ಕಟ್ಟು. ಇದು ಅವಳ ಏಳನೇ ಶಾಲೆ. ಪಾಠ ಅದೇ, ಮಕ್ಕಳೂ ಅಂಥವರೇ, ಆದರೆ ಸಭೆಯಲ್ಲಿ ಕೂರುವಾಗ ಕುರ್ಚಿ ಮಾತ್ರ ಕೊನೆಯ ಸಾಲಿನದು. ಈ ಸಲ ಒಂದು ಆಸೆಯಿತ್ತು. ಐದನೇ ತರಗತಿ ಹಿಡಿದ ಟೀಚರೇ ಅದೇ ಮಕ್ಕಳನ್ನು ಆರನೇ ತರಗತಿಗೂ ಕರೆದೊಯ್ಯುವುದು ಅಲ್ಲಿಯ ವಾಡಿಕೆ. ಶಾಲೆ ಮನಸ್ಸು ಮಾಡಿದರೆ ಬದಲಿ ಟೀಚರಿಗೂ ಇನ್ನೊಂದು ವರ್ಷ ಕೊಡಬಹುದು. ಹದಿನಾಲ್ಕು ಮಕ್ಕಳು. ಆ ಹದಿನಾಲ್ಕನ್ನೂ ಶಾಲೆಯ ಗೇಟು ದಾಟಿಸಿಯೇ ಹೋಗಬೇಕು ಅನ್ನುವುದು ಅವಳ ಆಸೆ. ದೊಡ್ಡದೇನಲ್ಲ. ಆದರೆ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅದು ಕೈಗೂಡಿರಲಿಲ್ಲ.

ಕಾಯಂ ಆಗುವ ಪರೀಕ್ಷೆಯನ್ನು ಅವಳು ಒಂಬತ್ತು ಸಲ ಬರೆದಿದ್ದಳು. ಮೊದಮೊದಲು ಓದುವುದೆಂದರೆ ಪುಸ್ತಕಕ್ಕೆ ಬಣ್ಣ ಬಳಿಯುವುದು. ಮುಖ್ಯವಾದ ಸಾಲಿಗೆ ಹಳದಿ ಎಳೆದೂ ಎಳೆದೂ ಪುಟಕ್ಕೆ ಪುಟವೇ ಅರಿಶಿನ ಮೆತ್ತಿದಂತಾಗುತ್ತಿತ್ತು. ಎಲ್ಲಾ ಗೊತ್ತಿದೆ ಅನ್ನಿಸುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಕೂತಾಗ ಹಳದಿ ಮಾತ್ರ ನೆನಪಿಗೆ ಬರುತ್ತಿತ್ತು, ಅದರ ಕೆಳಗಿದ್ದ ಅಕ್ಷರ ಬರುತ್ತಿರಲಿಲ್ಲ.

ನೆನಪು ಹೇಗೆ ನಿಲ್ಲುತ್ತದೆ ಎನ್ನುವುದನ್ನು ಅವಳಿಗೆ ಕಲಿಸಿದ್ದು ಕಾಲೇಜಲ್ಲ, ತಿಂಡಿ ಅಂಗಡಿ. ಟೀಚರಾಗುವ ಮೊದಲು ಎಂಟು ವರ್ಷ ಅವಳು ಶುಯ್ ಅಕ್ಕನ ಅಂಗಡಿಯ ಕಾವಲಿಯ ಮುಂದೆ ನಿಂತಿದ್ದಳು. ಶುಯ್ ಅಕ್ಕ ಗಿರಾಕಿ ಹೇಳಿದ್ದನ್ನು ಬರೆದುಕೊಂಡವಳಲ್ಲ. ಬೆಳಗಿನ ಗದ್ದಲದಲ್ಲಿ ಇಪ್ಪತ್ತು ಜನ ಒಟ್ಟಿಗೆ ಕೂಗುತ್ತಾರೆ: ಮೊಟ್ಟೆ ರೊಟ್ಟಿ ಎರಡು, ಒಂದಕ್ಕೆ ಖಾರ ಬೇಡ, ಮೂಲಂಗಿ ಕಡುಬು ಗರಿಗರಿಯಾಗಿ, ಸೋಯಾ ಹಾಲು ಬಿಸಿಯದು, ಅರ್ಧ ಸಕ್ಕರೆ. ಹೊಸದಾಗಿ ಸೇರಿದ ಯೂಲಾನ್ ಕೇಳಿದ ಕೂಡಲೇ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ರೊಟ್ಟಿ ಮಗುಚುವಷ್ಟರಲ್ಲಿ ಅರ್ಧ ಹಾರಿಹೋಗಿರುತ್ತಿತ್ತು.

“ಗಿಣಿ ಥರ ತಕ್ಷಣ ಒಪ್ಪಿಸ್ಬೇಡ ಕಣೇ,” ಎಂದಿದ್ದಳು ಶುಯ್ ಅಕ್ಕ. “ಆಗ ಅದು ಇನ್ನೂ ನಿನ್ ಕಿವೀಲೇ ಇರತ್ತೆ. ತಲೆಗೆ ಇಳಿದಿರಲ್ಲ. ಕೇಳ್ಕೋ, ಮೊಟ್ಟೆ ಒಡಿ, ಒಡೆದ ಮೇಲೆ ಹೇಳು.”

“ಅಷ್ಟರಲ್ಲಿ ಮರೆತು ಹೋದ್ರೆ ಅಕ್ಕ?”

“ಮರೆತ್ರೆ ಇನ್ನೊಂದ್ಸಲ ಕೇಳು. ಅವನು ಮುಖ ಗಂಟು ಹಾಕ್ತಾನೆ. ಹಾಕ್ಲಿ ಬಿಡು. ನಾಳೆಗೆ ಆ ಮುಖಾನೂ ನೆನಪಿರತ್ತೆ, ಅವನ ತಿಂಡೀನೂ ನೆನಪಿರತ್ತೆ.”

ಎರಡು ತಿಂಗಳಿಗೆ ಯೂಲಾನ್‌ಗೆ ಊರಿನ ಮುಕ್ಕಾಲು ಪಾಲು ಜನರ ತಿಂಡಿ ಬಾಯಿಗೆ ಬಂತು. ಶಾಲೆಗೆ ಸೇರಿದ ಮೇಲೆ ಅವಳು ಮಾಡಿದ್ದೂ ಇಷ್ಟೆ. ಪಾಠ ಮುಗಿದ ಕೂಡಲೇ “ಅರ್ಥ ಆಯ್ತಾ?” ಎಂದು ಕೇಳುವುದನ್ನು ಬಿಟ್ಟಳು. ಸೋಮವಾರದ ಪಾಠವನ್ನು ಗುರುವಾರ ಕೇಳುವಳು, ಆಮೇಲೆ ಮುಂದಿನ ವಾರ, ಆಮೇಲೆ ಮತ್ತೂ ತಡೆದು. ಮಕ್ಕಳು ತಲೆ ಕೆರೆದುಕೊಂಡರೆ “ಮೊಟ್ಟೆ ಒಡೀತಿದೆ, ತಡೀರಿ” ಅನ್ನುವಳು.

ಹಾಗಾಗಿ ಜಿಲ್ಲೆಯವರು ಮಗುವಿಗೊಂದರಂತೆ ಟ್ಯಾಬ್ ಕಳಿಸಿದಾಗ, ಉಳಿದ ಟೀಚರುಗಳು ಗೊಣಗಿದರೆ ಯೂಲಾನ್‌ಗೆ ಖುಷಿಯೇ ಆಯಿತು. ಅದರಲ್ಲಿ ‘ನೆನಪಿನ ತೋಟ’ ಎಂಬ ಪ್ರಶ್ನೆಯಾಟವಿತ್ತು. ಪಾಠಕ್ಕೊಂದು ಪಾತಿ, ಪ್ರಶ್ನೆಗೊಂದು ಎಲೆ. ಸರಿ ಉತ್ತರಕ್ಕೆ ಎಲೆ ಹಸಿರು, ತಪ್ಪಿದರೆ ಕೆಂಪು. ಯಾವ ಬಣ್ಣದ ಎಲೆ ಹೆಚ್ಚೋ ಗೋಡೆಯ ಪರದೆಯಲ್ಲಿ ತರಗತಿಯ ಚೌಕಕ್ಕೂ ಅದೇ ಬಣ್ಣ. ಯಂತ್ರವನ್ನು ಬಯ್ಯುವುದು ಸುಲಭ, ಆದರೆ ಪಾಪ, ಅದನ್ನು ಮಾಡಿದವನು ದಡ್ಡನಲ್ಲ. ಪ್ರಶ್ನೆಯನ್ನು ಎಷ್ಟು ದಿನ ತಡೆದು ಕೇಳಬೇಕು ಎಂದು ಹೇಳಲು ಒಂದು ಗುಂಡಿ ಇಟ್ಟಿದ್ದ. ಪ್ರಶ್ನೆಯ ಕೆಳಗೆ ಬರುವ ನಾಲ್ಕು ಆಯ್ಕೆಗಳನ್ನು ಮುಚ್ಚಿಟ್ಟು, ಮಗು ಬೆರಳಲ್ಲಿ ಉತ್ತರ ಬರೆಯುವಂತೆ ಮಾಡಲು ಇನ್ನೊಂದು ಗುಂಡಿ. ಆ ಎರಡೂ ಗುಂಡಿ ಎಲ್ಲ ಟೀಚರ ಟ್ಯಾಬಿನಲ್ಲೂ ಇದ್ದವು. ಒತ್ತಿದವಳು ಯೂಲಾನ್ ಒಬ್ಬಳೇ. ಮೂರು ತಾಸಿನ ತರಬೇತಿಯಲ್ಲಿ ಎರಡು ತಾಸು ಪಾಸ್‌ವರ್ಡ್ ಹಾಕಿ ಒಳಗೆ ಹೋಗುವುದು ಹೇಗೆ ಎನ್ನುವುದಕ್ಕೇ ಖರ್ಚಾಗಿತ್ತು. ಉಳಿದ ಒಂದು ತಾಸು ಫೋಟೋಗೆ.

ಅವಳ ತರಗತಿ ಕೆಂಪಗಿದ್ದದ್ದು ಇದಕ್ಕೇ. ಮೂರು ದಿನ ಬಿಟ್ಟು ಕೇಳಿದರೆ ಮಗು ತಪ್ಪುತ್ತದೆ. ತಪ್ಪಿ, ನಾಲಿಗೆ ಕಚ್ಚಿಕೊಂಡು, ಸರಿ ಉತ್ತರ ನೋಡುತ್ತದೆ. ಮತ್ತೆ ಏಳು ದಿನಕ್ಕೆ ಕೇಳಿದರೆ ಅರ್ಧ ನೆನಪಾಗುತ್ತದೆ. ಹೀಗೆ ಏಳುತ್ತಾ ಬೀಳುತ್ತಾ ನಿಲ್ಲುತ್ತದೆ. ಅಷ್ಟು ದಿನ ಎಲೆ ಕೆಂಪಗೇ ಇರುತ್ತದೆ.

ಎಲ್ಲರಿಗಿಂತ ಕೆಂಪು ತೋಟ ಹಾನ್‌ಯೂಳದು. ಹನ್ನೊಂದು ವರ್ಷದ, ಮಾತು ಕಡಿಮೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ತೈಚುಂಗ್ ನಗರದ ಕಾರ್ಖಾನೆಯಲ್ಲಿ, ಇವಳು ಅಜ್ಜಿ ಪಾವ್‌ಚೂ ಜೊತೆ. ಪಾವ್‌ಚೂ ಅಜ್ಜಿ ಬೆಳಗಿನಿಂದ ಅಂಗಳದಲ್ಲಿ ಕೂತು ಚಾಕುವಿನಲ್ಲಿ ಕಡಲ ಸಿಂಪಿಯ ಚಿಪ್ಪು ಬಿಡಿಸುತ್ತಾಳೆ. ಎದುರಿಗೆ ಟಿವಿ, ಟಿವಿಯಲ್ಲಿ ಷೇರುಪೇಟೆ. ಉಕ್ಕಿನ ಕಂಪನಿಯ ಷೇರು ಅವಳ ಬಳಿ ಒಂದಿಷ್ಟಿದೆ. ಅಲ್ಲಿಯ ಪೇಟೆಯಲ್ಲಿ ಕೆಂಪೇ ಶುಭದ ಬಣ್ಣ, ಬೆಲೆ ಏರಿದರೆ ಅಂಕಿ ಕೆಂಪಾಗಿ ಹೊಳೆಯುತ್ತದೆ, ಅಜ್ಜಿಯ ಚಾಕು ಚುರುಕಾಗುತ್ತದೆ. ಇಳಿದರೆ ಅಂಕಿ ಹಸಿರು, ಆ ದಿನ ಸಿಂಪಿಗೂ ಬೈಗುಳ, ಬೆಕ್ಕಿಗೂ ಬೈಗುಳ.

ವಿಜ್ಞಾನದ ಪಾಠ ತುಕ್ಕಿನದು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಏನು ಬೇಕು? ಯೂಲಾನ್ ಮೂರು ಬಾಟಲಿಯಲ್ಲಿ ಮೊಳೆ ಹಾಕಿ ಕಿಟಕಿಯಲ್ಲಿಟ್ಟಿದ್ದಳು. ಒಂದರಲ್ಲಿ ನೀರಿಲ್ಲದ ಒಣಗಾಳಿ, ಒಂದರಲ್ಲಿ ಕುದಿಸಿ ಆರಿಸಿದ ನೀರು, ಗಾಳಿ ಇಳಿಯದಂತೆ ಅದರ ಮೇಲೊಂದು ಪದರ ಎಣ್ಣೆ, ಇನ್ನೊಂದರಲ್ಲಿ ನೀರು, ಗಾಳಿ ಎರಡೂ. ತುಕ್ಕು ಹಿಡಿದದ್ದು ಮೂರನೆಯದಕ್ಕೆ ಮಾತ್ರ. ಹಾನ್‌ಯೂ ಕಣ್ಣಾರೆ ನೋಡಿದಳು. ಮೂರು ದಿನ ಬಿಟ್ಟು ಕೇಳಿದರೆ ಟ್ಯಾಬಿನಲ್ಲಿ ಬೆರಳಾಡಿಸಿ ‘ಉಪ್ಪು’ ಎಂದು ಬರೆದಳು. ಮುಂದಿನ ವಾರವೂ ಉಪ್ಪು. ಮೂರನೆಯ ಸಲವೂ ಉಪ್ಪು.

“ಹಾನ್‌ಯೂ, ಬಾಟಲೀಲಿ ಉಪ್ಪು ಹಾಕಿದ್ವಾ ನಾವು?”

“ಇಲ್ಲ ಟೀಚರ್.”

“ಮತ್ತೆ?”

“ನಮ್ಮೂರಲ್ಲಿ ಎಲ್ರೂ ಹೇಳ್ತಾರಲ್ಲ ಟೀಚರ್, ಉಪ್ಪು ಗಾಳಿ ಕಬ್ಬಿಣ ತಿನ್ನತ್ತೆ ಅಂತ. ನಮ್ಮನೆ ಕಿಟಕಿ ಸರಳು ಪೂರ್ತಿ ತಿಂದುಬಿಟ್ಟಿದೆ.”

ಯೂಲಾನ್‌ಗೆ ನಗು ಬಂತು, ಮರುಕ್ಷಣ ಯೋಚನೆಯೂ ಬಂತು. ಆ ಹುಡುಗಿಯ ತಲೆ ಖಾಲಿಯಿಲ್ಲ, ಅಲ್ಲಿ ಮೊದಲೇ ಒಬ್ಬರು ಬಾಡಿಗೆಗೆ ಇದ್ದಾರೆ. ಕಡಲ ಉಪ್ಪು ತುಕ್ಕನ್ನು ಬೇಗ ತರಿಸುತ್ತದೆ ಅಷ್ಟೆ, ಹುಟ್ಟಿಸುವುದಿಲ್ಲ. ನಾಲ್ಕು ಆಯ್ಕೆ ಕೊಟ್ಟು ಒತ್ತಿಸಿದ್ದರೆ ಈ ಉಪ್ಪು ಎಂದೂ ಹೊರಗೆ ಬೀಳುತ್ತಿರಲಿಲ್ಲ.

ಶಾಲೆಯ ಮೇಲ್ವಿಚಾರಕ ಚುವಾಂಗ್ ಅವಳನ್ನು ಕರೆದದ್ದು ಬುಧವಾರ. ಮೂವತ್ತನಾಲ್ಕು ವರ್ಷದವನು, ಕಾಯಂ ಕೆಲಸ, ಮಾತು ಸಕ್ಕರೆ. ಹೆದರಿಸುವವನಲ್ಲ. ಹೆದರಿಸುವವರ ಕಾಗದವನ್ನು ತಂದುಕೊಡುವವನು.

“ಯೂಲಾನ್ ಟೀಚರ್, ಕೂತ್ಕೊಳಿ. ಟೀ ಕುಡೀರಿ. ಶುಕ್ರವಾರ ನಾಲ್ಕು ಗಂಟೆಗೆ ಜಿಲ್ಲೆಯವರು ಲೆಕ್ಕ ಮುಚ್ತಾರೆ, ಗೊತ್ತಲ್ಲ?”

“ಗೊತ್ತು ಸರ್.”

“ಆ ಒಂದು ಚೌಕ ನೋಡಿದ್ರೆ ಕಣ್ಣು ಉರಿಯತ್ತೆ. ಎಷ್ಟು ಸಲ ಬೇಕಾದ್ರೂ ಒತ್ಬಹುದು, ಕೊನೇ ಸಲದ್ದೇ ಲೆಕ್ಕ. ಆ ಮುಚ್ಚಿಡೋ ಗುಂಡಿ ತೆಗೀರಿ, ನಾಲ್ಕು ಆಯ್ಕೆ ಕಾಣೋ ಹಾಗೆ ಮಾಡಿ. ಶುಕ್ರವಾರ ಮಧ್ಯಾಹ್ನದ ನಿದ್ದೆ ಹೊತ್ತಲ್ಲಿ ಮಕ್ಕಳ ಕೈಲಿ ಒತ್ತಿಸಿ. ನಲವತ್ತು ನಿಮಿಷ. ಎಲ್ಲರೂ ಮಾಡೋದೇ ಅದು.”

“ಒತ್ತಿದ್ರೆ ಹಸಿರಾಗತ್ತೆ ಸರ್. ನೆನಪಿರತ್ತಾ?”

ಚುವಾಂಗ್ ಟೀಯ ಲೋಟವನ್ನು ಸ್ವಲ್ಪ ಸರಿಸಿದ. “ಜೂನಿನಲ್ಲಿ ನಿಮ್ಮ ಮುಂದಿನ ವರ್ಷದ ವಿಷಯ ಸಭೆಗೆ ಬರತ್ತೆ ಟೀಚರ್. ನಾನು ನಿಮ್ಮ ಪರವಾಗೇ ಮಾತಾಡ್ಬೇಕು ಅಂದ್ಕೊಂಡಿದೀನಿ. ಮಾತಾಡೋಕೆ ನನ್ನ ಕೈಲಿ ಏನಾದ್ರೂ ಇರ್ಬೇಕಲ್ವಾ?”

ಅವನು ಕೆಟ್ಟವನಲ್ಲ ಎನ್ನುವುದೇ ಯೂಲಾನ್‌ಗೆ ಹೆಚ್ಚು ಕಷ್ಟವಾಯಿತು. ಕೆಟ್ಟವನಾಗಿದ್ದರೆ ಅಲ್ಲೇ ಎದ್ದು ಬರಬಹುದಿತ್ತು.

ಮರುದಿನ ಶಾಲೆ ಗುಡಿಸುವ ಹೊತ್ತು. ಪೊರಕೆ ಹಿಡಿದ ಮಕ್ಕಳು ಅಂಗಳದಲ್ಲಿದ್ದರು. ನಾಲ್ಕನೇ ತರಗತಿಯ ಮೂರು ಹುಡುಗಿಯರು ಪೊರಕೆ ಗೋಡೆಗೆ ಒರಗಿಸಿ ಹಗ್ಗ ಜಿಗಿಯುತ್ತಿದ್ದರು. ಜಿಗಿತಕ್ಕೊಂದು ಪದ. “ಮೂರು, ಒಂದು, ನಾಲ್ಕು, ಎರಡು! ಎರಡು, ಎರಡು, ಒಂದು, ಮೂರು!”

“ಏನ್ರೇ ಅದು ಹಾಡು?” ಕೇಳಿದಳು ಯೂಲಾನ್.

“ಹಾಡಲ್ಲ ಟೀಚರ್, ಉತ್ತರ!” ಒಬ್ಬಳು ಏದುಸಿರು ಬಿಡುತ್ತಾ ಹೇಳಿದಳು. “ತೋಟದ್ದು. ಮೊದಲನೇದಕ್ಕೆ ಮೂರನೇ ಗುಂಡಿ, ಎರಡನೇದಕ್ಕೆ ಒಂದನೇದು. ಹೀಗೆ ಜಿಗಿದ್ರೆ ಮರೆಯಲ್ಲ.”

“ಪ್ರಶ್ನೆ ಏನಿತ್ತು?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹಗ್ಗ ನಿಂತಿತು. “ಪ್ರಶ್ನೆ... ಅದು ಟ್ಯಾಬಲ್ಲೇ ಬರತ್ತಲ್ಲ ಟೀಚರ್.”

ಈ ಮಕ್ಕಳನ್ನು ಯಾರು ದಡ್ಡರೆನ್ನುತ್ತಾರೆ? ನಾವು ಏನನ್ನು ಎಣಿಸುತ್ತೇವೋ ಅದನ್ನು ಅವರು ಚಾಚೂ ತಪ್ಪದೆ ನೆನಪಿಡುತ್ತಾರೆ. ನಾವು ಎಲೆ ಎಣಿಸಿದೆವು, ಅವರು ಗುಂಡಿ ಕಲಿತರು. ಆ ಮೂವರು ಮುದುಕಿಯರಾದ ಮೇಲೂ ಮೂರು-ಒಂದು-ನಾಲ್ಕು-ಎರಡು ಮರೆಯುವುದಿಲ್ಲ. ಅದೇ ಹಸಿರನ್ನು ಎಣಿಸಿ ಜಿಲ್ಲೆಯವರು ಒಂದು ಶಾಲೆಗೆ ಫಲಕ ಕೊಟ್ಟು, ಇನ್ನೊಂದು ಶಾಲೆಗೆ ನೋಟೀಸು ಕೊಡುತ್ತಾರೆ. ಫಲಕ ಕೊಡುವವರಲ್ಲಿ ಒಬ್ಬರೂ ಒಂದು ಮಗುವನ್ನು ನಿಲ್ಲಿಸಿ, ತುಕ್ಕು ಯಾಕೆ ಹಿಡಿಯುತ್ತದಪ್ಪಾ ಎಂದು ಬಾಯಿಬಿಟ್ಟು ಕೇಳಿದ್ದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಶುಕ್ರವಾರ ಊಟವಾದ ಮೇಲೆ ಯೂಲಾನ್ ಟ್ಯಾಬುಗಳ ಗಾಡಿಯನ್ನು ತರಗತಿಗೆ ತಳ್ಳಿಕೊಂಡು ಬಂದಳು. ಅದನ್ನು ಬಚ್ಚಿಡುವುದು ಬೇಡ. ಬೆಳಗ್ಗೆಯೇ ಆಯ್ಕೆಗಳ ಮುಚ್ಚಳ ತೆಗೆದಿದ್ದಳು. ಒಂದು ಮಧ್ಯಾಹ್ನದ ಸುಳ್ಳಿಗೆ ಒಂದು ವರ್ಷ ಈ ಮಕ್ಕಳ ಜೊತೆ ಇರಬಹುದು, ಮುಂದಿನ ವರ್ಷವೆಲ್ಲ ತನ್ನ ರೀತಿಯಲ್ಲೇ ಕಲಿಸಬಹುದು ಎಂದು ಲೆಕ್ಕ ಹಾಕಿದ್ದಳು. ಎಲ್ಲರೂ ಹಾಕುವ ಲೆಕ್ಕವೇ. ದಿನದಂತೆ ಮೇಜಿನ ಮೇಲೆ ತಲೆಯಿಟ್ಟು ಮಲಗಲು ತೋಳು ಮಡಿಸುತ್ತಿದ್ದ ಮಕ್ಕಳಿಗೆ “ಇವತ್ತು ನಿದ್ದೆ ಇಲ್ಲ” ಅಂದಳು. ಟ್ಯಾಬು ಹಂಚಿ ಮುಗಿಯುವಷ್ಟರಲ್ಲಿ ಚುವಾಂಗ್ ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆಯೇ, ರಬ್ಬರ್ ಬೂಟು ತಪತಪ ಸದ್ದು ಮಾಡುತ್ತಾ, ಕೈಯಲ್ಲೊಂದು ಬಿದಿರು ಬುಟ್ಟಿ ಹಿಡಿದು ಪಾವ್‌ಚೂ ಅಜ್ಜಿ.

“ಸ್ವಲ್ಪ ಸರೀರಿ ಸರ್, ಜಾಗ ಬಿಡಿ,” ಎಂದು ಅವನನ್ನು ಪಕ್ಕಕ್ಕೆ ತಳ್ಳಿಯೇ ಅಜ್ಜಿ ಒಳಗೆ ಬಂದಳು. ಬುಟ್ಟಿಯಲ್ಲಿ ಬಣ್ಣದಲ್ಲಿ ಅದ್ದಿದ ಕೆಂಪು ಮೊಟ್ಟೆಗಳು. ಮಗು ಹುಟ್ಟಿ ತಿಂಗಳಾದಾಗ ಮನೆಮನೆಗೆ ಹಂಚುವಂಥವು. “ಹದಿನಾಲ್ಕು ಮಕ್ಕಳಿಗೆ, ಟೀಚರ್‌ಗೆ ಎರಡು. ಬೇಡ ಅನ್ಬಾರ್ದು.”

“ಏನ್ ಸಮಾಚಾರ ಅಜ್ಜಿ? ಮನೇಲಿ ಶುಭ ಕಾರ್ಯನಾ?” ಕೇಳಿದಳು ಯೂಲಾನ್.

“ಅಯ್ಯೋ, ನೀವೇ ಮಾಡಿದ ಶುಭಕಾರ್ಯ, ನನ್ನೇ ಕೇಳ್ತೀರಲ್ಲ! ನಿನ್ನೆ ಹಾನ್‌ಯೂ ಆ ಟ್ಯಾಬು ಮನೆಗೆ ತಂದಿದ್ಳಲ್ಲ. ತೆಗೆದು ನೋಡ್ತೀನಿ, ಮೇಲಿಂದ ಕೆಳಗಿನ ತನಕ ಕೆಂಪು! ಒಂದೇ ಒಂದು ಹಸಿರಿಲ್ಲ! ನಲವತ್ತು ವರ್ಷದಿಂದ ಪೇಟೆ ನೋಡ್ತಿದೀನಿ ಟೀಚರ್, ಇಂಥ ಏರಿಕೆ ನಾನು ಕಂಡಿಲ್ಲ.” ಅಜ್ಜಿ ಚುವಾಂಗ್ ಕಡೆ ತಿರುಗಿ ದನಿ ಇಳಿಸಿದಳು. “ಪಕ್ಕದ್ಮನೆ ಹುಡುಗಂದು ನೋಡ್ದೆ ಸರ್. ಪಾಪ, ಪೂರ್ತಿ ಹಸಿರು. ಮುಳುಗಿ ಹೋಗಿದೆ. ಅವರಮ್ಮನಿಗೆ ನಾನು ಏನೂ ಹೇಳಕ್ಕೆ ಹೋಗಿಲ್ಲ. ನೀವೇ ಸ್ವಲ್ಪ ಗಮನ ಕೊಡಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಾನ್‌ಯೂಳ ಕಿವಿ ಮೊಟ್ಟೆಗಿಂತ ಕೆಂಪಾಯಿತು.

“ಅಜ್ಜಿ,” ಚುವಾಂಗ್ ಮೃದುವಾಗಿ ಹೇಳಿದ, “ಇದು ಷೇರುಪೇಟೆ ಅಲ್ಲ. ಇಲ್ಲಿ ಕೆಂಪು ಅಂದ್ರೆ ತಪ್ಪು ಉತ್ತರ.”

ಅಜ್ಜಿ ಟ್ಯಾಬನ್ನು ನೋಡಿದಳು, ಮೊಟ್ಟೆಯನ್ನು ನೋಡಿದಳು. “ತಪ್ಪಾ? ಎಲ್ಲಾನೂವಾ?”

“ತುಕ್ಕಿನ ಪಾಠ ಮೂರು ಸಲ ತಪ್ಪಿದಾಳೆ.”

“ಹಾಗಾದ್ರೆ ನಿನ್ನೆ ನನ್ನ ಬೈದದ್ದು ಯಾರು?” ಅಜ್ಜಿಯ ದನಿ ಏರಿತು. “ಸಿಂಪಿ ಚಾಕು ತೊಳೆದು ಹಾಗೇ ಇಟ್ಟಿದ್ದೆ. ‘ಅಜ್ಜೀ, ಒರೆಸು, ಎಣ್ಣೆ ಹಚ್ಚು’ ಅಂದ್ಳು. ಉಪ್ಪು ತೊಳೆದಾಗಿದೆ ಕಣೇ, ಇನ್ನೇನು ಅಂದೆ. ನನಗೇ ಪಾಠ ಹೇಳಿದ್ಳು. ಹೇಳೇ ಹಾನ್‌ಯೂ, ಏನಂದೆ?”

ಹಾನ್‌ಯೂ ಎದ್ದು ನಿಂತಳು. ನೆಲ ನೋಡುತ್ತಾ ಹೇಳಿದಳು. “ಉಪ್ಪಿದ್ರೆ ಬೇಗ ಆಗತ್ತೆ ಅಷ್ಟೇ. ಉಪ್ಪಿಲ್ದಿದ್ರೂ ಆಗತ್ತೆ. ಗಾಳಿ, ನೀರು ಎರಡೂ ಮುಟ್ಟಿದ್ರೆ ತುಕ್ಕು ಬರತ್ತೆ. ಎಣ್ಣೆ ಹಚ್ಚಿದ್ರೆ ಎರಡೂ ಮುಟ್ಟಲ್ಲ.” ಕಿಟಕಿಯ ಕಡೆ ಬೆರಳು ತೋರಿಸಿ, “ಬಾಟಲೀಲಿ ಹಾಗೇ ಇತ್ತು,” ಅಂದಳು.

“ಭೇಷ್!” ಚುವಾಂಗ್‌ನಿಗೆ ನಿಜಕ್ಕೂ ಸಂತೋಷವಾಯಿತು. “ಗೊತ್ತಿದೆಯಲ್ಲ! ಒತ್ತು ಮತ್ತೆ, ಈಗ್ಲೇ ಒತ್ತು. ಹಸಿರಾಗತ್ತೆ. ಎಲ್ರೂ ಶುರು ಮಾಡಿ.”

ಹಾನ್‌ಯೂ ಬೆರಳೆತ್ತಿ ಟೀಚರನ್ನು ನೋಡಿದಳು. ಹದಿನಾಲ್ಕು ಬೆರಳು ಗಾಳಿಯಲ್ಲಿದ್ದವು. ಆ ಹುಡುಗಿ ಒತ್ತಿದರೆ ಸುಳ್ಳೇನೂ ಅಲ್ಲ. ಉಳಿದವರಲ್ಲಿ ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಎಂದು ಯೂಲಾನ್‌ಗೆ ಹೆಸರು ಹೆಸರಾಗಿ ಗೊತ್ತಿತ್ತು. ಅದು ಗೊತ್ತಾಗಿದ್ದೇ ಆ ಕೆಂಪು ಎಲೆಗಳಿಂದ. ಒಂದು ಸಲ ಒತ್ತಿದರೆ ಅಷ್ಟೂ ಅಳಿಸಿಹೋಗುತ್ತದೆ. ಸೋಮವಾರ ಯಾರನ್ನು ಏನು ಕೇಳಬೇಕೆಂದು ಅವಳಿಗೂ ತಿಳಿಯುವುದಿಲ್ಲ, ಯಂತ್ರಕ್ಕೂ ತಿಳಿಯುವುದಿಲ್ಲ.

“ಟ್ಯಾಬು ಮುಚ್ಚಿ,” ಅಂದಳು.

“ಟೀಚರ್?” ಎಂದ ಚುವಾಂಗ್.

“ಇವಳದು ಈಗ ತಾನೇ ಬಾಯಲ್ಲಿದೆ ಸರ್, ತಲೇಲಿದೆಯೋ ಇಲ್ಲವೋ ಮಂಗಳವಾರ ನೋಡ್ತೀನಿ. ಉಳಿದ ಹದಿಮೂರು ಜನ ಈಗ ಒತ್ತಿದ್ರೆ ಮೂರು-ಒಂದು-ನಾಲ್ಕು-ಎರಡು ಕಲೀತಾರೆ. ನಿಮ್ಮ ನಾಲ್ಕನೇ ತರಗತಿ ಅದಕ್ಕೆ ಹಗ್ಗ ಜಿಗೀತಿದೆ, ಹೋಗಿ ಕೇಳಿ.”

“ನಾನು ಸಭೇಲಿ ಏನು ಹೇಳ್ಲಿ ಹೇಳಿ?”

“ಕೆಂಪಿದೆ ಅಂತ ಹೇಳಿ. ಇರೋದನ್ನೇ ಹೇಳಿ.”

ಚುವಾಂಗ್ ಗೋಡೆಯ ಗಡಿಯಾರ ನೋಡಿದ. ಅಷ್ಟರಲ್ಲಿ ಅಜ್ಜಿ ಅವನ ಕೈಗೊಂದು ಮೊಟ್ಟೆ ತುರುಕಿದಳು. “ತಗೊಳಿ ಸರ್. ನಿಮ್ಮನೇಲೂ ಏರ್ಲಿ.” ಅವನು ಮೊಟ್ಟೆ ಹಿಡಿದುಕೊಂಡೇ ಹೊರಗೆ ಹೋದ. ಮಕ್ಕಳು ಸಿಪ್ಪೆ ಸುಲಿದು ತಿಂದರು, ಕೆಂಪಾದ ಬೆರಳನ್ನು ಅಂಗಿಗೆ ಒರೆಸಿಕೊಂಡು ಮಲಗಿದರು. ನಾಲ್ಕು ಗಂಟೆಗೆ ಲೆಕ್ಕ ಮುಚ್ಚಿತು.

ಮಂಗಳವಾರ ಯೂಲಾನ್ ಆಯ್ಕೆಗಳನ್ನು ಮತ್ತೆ ಮುಚ್ಚಿ ಕೇಳಿದಳು. ಹದಿನಾಲ್ಕರಲ್ಲಿ ಹನ್ನೊಂದು ಮಕ್ಕಳು ಸರಿಯಾಗಿ ಬರೆದರು. ಅದನ್ನು ಯಾರೂ ಎಣಿಸಲಿಲ್ಲ, ಎಣಿಸುವವರು ಶುಕ್ರವಾರವೇ ಮನೆಗೆ ಹೋಗಿದ್ದರು. ಜೂನಿನ ಸಭೆಯಲ್ಲಿ ಚುವಾಂಗ್ ಅವಳ ಪರ ಎರಡು ಮಾತು ಆಡಿದನಂತೆ. ಆದರೂ ಬಂದ ಕಾಗದದಲ್ಲಿ ಒಂದೇ ಸಾಲಿತ್ತು: ಡಿಜಿಟಲ್ ಸಾಧನಗಳ ಬಳಕೆ ತೃಪ್ತಿಕರವಾಗಿಲ್ಲ. ಇಡೀ ಶಾಲೆಯಲ್ಲಿ ಆ ಸಾಧನವನ್ನು ನಿಜಕ್ಕೂ ಬಳಸಿದವಳು ಅವಳೊಬ್ಬಳೇ. ಆ ಸಾಲು ಬರೆದವರು ಯಾರೋ ಏನೋ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿರುತ್ತಾರೆ. ಯೂಲಾನ್ ಕಿಟಕಿಯ ಮೂರು ಬಾಟಲಿ ತೊಳೆದಿಟ್ಟು, ಮೊಳೆಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಎಂಟನೇ ಶಾಲೆಯಲ್ಲಿ ಬೇಕಾಗುತ್ತವೆ. ಮಕ್ಕಳಿಗೆ ಅವಳು ಹೇಳಿದ್ದು, ರಜೆ ಅಂತ ಅಷ್ಟೆ. ಗೇಟಿನವರೆಗೆ ಹೋಗಿ ಕೈಬೀಸಿದಳು. ಗೇಟು ದಾಟಿಸಿದ್ದು ಐದನೇ ತರಗತಿಯ ರಜೆಗೆ ಮಾತ್ರ, ಆರನೇ ತರಗತಿ ಮುಗಿಸಿ ಅಲ್ಲ.

ಜುಲೈ ಪೂರ್ತಿ, ಪ್ರತಿ ಬೇಸಿಗೆಯಂತೆ, ಶುಯ್ ಅಕ್ಕನ ಅಂಗಡಿ. ಒಂದು ಬೆಳಗ್ಗೆ ಹತ್ತೂವರೆಗೆ, ಗಿರಾಕಿ ಕರಗಿ ಕಾವಲಿ ಆರಿಸುವ ಹೊತ್ತಿಗೆ, ಪಾವ್‌ಚೂ ಅಜ್ಜಿಯ ಸ್ಕೂಟರ್ ಬಂದು ನಿಂತಿತು. ಹಿಂದೆ ಹಾನ್‌ಯೂ.

“ಟೀಚರ್! ಮೊಟ್ಟೆ ರೊಟ್ಟಿ ಎರಡು, ಒಂದಕ್ಕೆ ಖಾರ ಇಲ್ಲ, ಮೂಲಂಗಿ ಕಡುಬು ಒಂದು, ಸೋಯಾ ಹಾಲು ತಣ್ಣಂದು, ಸಕ್ಕರೆ ಇಲ್ದೆ,” ಎಂದು ಅಜ್ಜಿ ಒಂದೇ ಉಸಿರಿಗೆ ಕೂಗಿದಳು.

ಯೂಲಾನ್ ಮೊಟ್ಟೆ ತೆಗೆದುಕೊಂಡಳು. ಪಕ್ಕದ ಚಿಕ್ಕ ಕಾವಲಿಯನ್ನು ಶುಯ್ ಅಕ್ಕ ಆಗಲೇ ಒರೆಸಿ, ಬಟ್ಟೆಯಲ್ಲಿ ಎಣ್ಣೆ ಸವರುತ್ತಿದ್ದಳು. ಹಾನ್‌ಯೂ ಅದನ್ನೇ ನೋಡುತ್ತಿದ್ದಳು.

“ಗಾಳಿ, ನೀರು ಮುಟ್ಬಾರ್ದು ಅಂತ ತಾನೇ ಆಂಟಿ?” ಅಂದಳು, ಯಾರೂ ಪ್ರಶ್ನೆ ಕೇಳದೆಯೇ.

“ಯಾರಮ್ಮಾ ಇದು, ತಿಂಡಿಗೆ ಬಂದು ಪಾಠ ಮಾಡೋಳು?” ಶುಯ್ ಅಕ್ಕ ನಕ್ಕಳು. “ನಮ್ಮತ್ತೆ ಹಚ್ತಿದ್ರು, ನಾನೂ ಹಚ್ತೀನಿ. ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡು.”

ಪಾಠವಾಗಿ ಎರಡು ತಿಂಗಳ ಮೇಲಾಗಿತ್ತು. ಹಸಿರಾಗಲು ಅಲ್ಲಿ ಯಾವ ಪರದೆಯೂ ಇರಲಿಲ್ಲ. ಯೂಲಾನ್ ಮೊಟ್ಟೆಯನ್ನು ಕಾವಲಿಯ ಅಂಚಿಗೆ ತಟ್ಟಿ ಒಡೆದಳು.

“ಹೇಳಿ ಟೀಚರ್, ನಾನೇನು ಕೇಳ್ದೆ?” ಅಜ್ಜಿ ಸ್ಕೂಟರಿನ ಮೇಲಿಂದಲೇ ಗದರಿದಳು.

“ಮೊಟ್ಟೆ ರೊಟ್ಟಿ ಎರಡು, ಒಂದಕ್ಕೆ ಖಾರ ಇಲ್ಲ. ಮೂಲಂಗಿ ಕಡುಬು ಒಂದು. ಸೋಯಾ ಹಾಲು...” ಯೂಲಾನ್ ತಡವರಿಸಿದಳು. “ಬಿಸಿದಾ?”

“ಕೆಂಪು!” ಅಜ್ಜಿ ಕೈ ತಟ್ಟಿ ಕೂಗಿದಳು. “ಟೀಚರ್‌ಗೇ ಕೆಂಪು ಬಂತು! ತಣ್ಣಂದು ಕಣಮ್ಮಾ, ತಣ್ಣಂದು, ಸಕ್ಕರೆ ಇಲ್ದೆ!”

“ತಣ್ಣಂದು, ಸಕ್ಕರೆ ಇಲ್ದೆ,” ಅಂದಳು ಯೂಲಾನ್, ರೊಟ್ಟಿ ಮಗುಚುತ್ತಾ. “ಇನ್ನು ಮರೆಯಲ್ಲ ಅಜ್ಜಿ.”